ಹಳೆಯ ಅರಿವೆಯಿಂದ ಮನೆಬಳಕೆಯ ವಸ್ತುಗಳು: ರೊಟ್ಟಿಬಟ್ಟೆಯಿಂದ ಕೌದಿಯವರೆಗೆ

ಒಂದು ಅರಿವೆ ಇಡಿಯಾಗಿ ಹಳೆಯದಾಗುವುದಿಲ್ಲ. ಐದು ವರ್ಷ ಉಟ್ಟ ಇಳಕಲ್ಲ ಸೀರೆಯ ಹಿಮ್ಮಡಿಗೆ ತಾಗುವ ಅಂಚು ಸವೆದಿರುತ್ತದೆ, ಕುಳಿತೇಳುವ ಭಾಗ ತೆಳ್ಳಗಾಗಿರುತ್ತದೆ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳ ತುದಿ ಹೆಚ್ಚೂಕಡಿಮೆ ಅಂಗಡಿಯಿಂದ ತಂದ ದಿನದಂತೆಯೇ ಇರುತ್ತದೆ. ಅಂಗಿಯ ಕಾಲರು ಮತ್ತು ಮೊಣಕೈ ಹರಿದಾಗಲೂ ಬೆನ್ನಿನ ಬಟ್ಟೆ ಗಟ್ಟಿಯಾಗಿಯೇ ಉಳಿಯುತ್ತದೆ. ಪ್ಯಾಂಟಿನ ತೊಡೆಯ ಒಳಬದಿ ಸವೆದುಹೋದರೂ ಮೀನಖಂಡದ ಹಿಂಭಾಗ ಗಟ್ಟಿಮುಟ್ಟಾಗಿರುತ್ತದೆ. ಹಾಸಿಗೆಯ ಚಾದರವು ನಟ್ಟನಡುವೆ ಜಾಳಾಗುತ್ತದೆ, ಎರಡು ಬದಿಗಳು ಚೆನ್ನಾಗಿರುತ್ತವೆ. ಆದ್ದರಿಂದ ಹಳೆಯ ಬಟ್ಟೆಯಿಂದ ಏನಾದರೂ ಹೊಲಿಯಬೇಕೆಂದು ಕುಳಿತವರು ಮೊದಲು ‘ಏನು ಹೊಲಿಯಲಿ’ ಎಂದು ಯೋಚಿಸದೆ, ಈ ಬಟ್ಟೆಯಲ್ಲಿ ಎಲ್ಲೆಲ್ಲಿ ಜೀವ ಉಳಿದಿದೆ ಎಂದು ಹುಡುಕಬೇಕು. ಉಳಿದ ಭಾಗದ ಅಳತೆ, ದಪ್ಪ ಮತ್ತು ನೂಲಿನ ಜಾತಿಯೇ ಅದು ಚೀಲವಾಗಬೇಕೋ, ರೊಟ್ಟಿಬಟ್ಟೆಯಾಗಬೇಕೋ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆಯಾದ ಕೌದಿಯ ಒಡಲು ಸೇರಬೇಕೋ ಎಂಬುದನ್ನು ತೀರ್ಮಾನಿಸುತ್ತದೆ.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಎರಡು ಟ್ರಂಕು ತುಂಬ ಇಂಥ ಅರಿವೆಗಳಿವೆ. ಇವುಗಳಲ್ಲಿ ಏನೇನನ್ನು ಹೇಗೆ ಹೊಲಿಯುತ್ತೇನೆ ಎಂಬುದನ್ನು, ಮೊದಮೊದಲು ಕೈಸುಟ್ಟುಕೊಂಡ ಸಂಗತಿಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಹೊಲಿಗೆ ಯಂತ್ರವಿದ್ದರೆ ಚೀಲದಂಥವು ಬೇಗ ಮುಗಿಯುತ್ತವೆ. ಇಲ್ಲದಿದ್ದರೂ ಇವೆಲ್ಲವನ್ನೂ ಕೈಯಲ್ಲಿಯೇ ಹೊಲಿಯಬಹುದು. ಕೌದಿಯನ್ನಂತೂ ಕೈಯಲ್ಲಿಯೇ ಹೊಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಬಟ್ಟೆಯ ಪರೀಕ್ಷೆ

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಜಾಳಾದ ಜಾಗಗಳು ಕಾಣುತ್ತವೆ. ಆದರೆ ಕಣ್ಣನ್ನೇ ನಂಬಬಾರದು. ನಮ್ಮ ಓಣಿಯಲ್ಲಿ ಕೌದಿ ಹೊಲಿದುಕೊಡುವ ಹಿರಿಯ ಹೆಣ್ಣುಮಗಳೊಬ್ಬರು ನಾನು ತೆಗೆದಿಟ್ಟಿದ್ದ ಸೀರೆಯೊಂದನ್ನು ಎತ್ತಿಕೊಂಡು, ಎರಡೂ ಹೆಬ್ಬೆರಳುಗಳನ್ನು ಅಕ್ಕಪಕ್ಕ ಇಟ್ಟು ಹೊರಕ್ಕೆ ಎಳೆದರು. ಬಟ್ಟೆ ಸದ್ದಿಲ್ಲದೆ ಬಿಟ್ಟುಕೊಂಡಿತು. “ಕಣ್ಣಿಗೆ ಗಟ್ಟಿ ಕಂಡದ್ದು ಕೈಯಾಗ ಗಟ್ಟಿ ಇರೂದಿಲ್ಲ ತಂಗಿ, ಎಳದು ನೋಡ್ಬೇಕು” ಎಂದರು. “ಹಂಗಾರ ಇದನ್ನ ಹೊರಗ ಒಗದ್ಬಿಡ್ಲಿ ಏನ್ರಿ ಅಮ್ಮಾ?” ಎಂದು ಕೇಳಿದ್ದಕ್ಕೆ, “ಯಾಕ ಒಗೀತಿ? ನಡುವ ಹಾಕು. ನಡುವ ಇದ್ದದ್ದನ್ನ ಯಾರೂ ಎಳಿಯೂದಿಲ್ಲ” ಎಂದು ಅದನ್ನು ಮಡಚಿ ಬೇರೆ ಗಂಟಿಗೆ ಇಟ್ಟರು. ಅಂದಿನಿಂದ ನಾನು ಅರಿವೆಗಳನ್ನು ಮೂರು ಗಂಟು ಮಾಡುತ್ತೇನೆ: ಎಳೆದರೂ ತಾಳುವವು, ಎಳೆದರೆ ಎಳೆ ಸರಿಯುವಂಥವು, ಎಳೆದಾಗ ಹರಿದೇಹೋಗುವಂಥವು. ಮೊದಲನೆಯವು ಚೀಲಕ್ಕೂ ಹಿಡಿಕೆಗೂ ಆಗುತ್ತವೆ, ಎರಡನೆಯವು ಕೌದಿಯ ನಡುಪದರಕ್ಕೆ ಹೋಗುತ್ತವೆ, ಮೂರನೆಯವು ನೆಲ ಒರೆಸುವುದಕ್ಕೆ ಹೊರತು ಬೇರಾವುದಕ್ಕೂ ಅಲ್ಲ. ಅವುಗಳ ಮೇಲೆ ದಾರ ಖರ್ಚು ಮಾಡುವುದು ವ್ಯರ್ಥ.

ಇನ್ನು ನೂಲಿನ ಜಾತಿ. ಹತ್ತಿಯೋ ಟೆರಿಕಾಟೋ ಎಂಬುದು ಮುಟ್ಟಿದ ಮಾತ್ರಕ್ಕೆ ಗೊತ್ತಾಗದಿದ್ದರೆ, ಅಂಚಿನಿಂದ ನಾಲ್ಕಾರು ಎಳೆಗಳನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಸುಟ್ಟು ನೋಡಬೇಕು. ಹತ್ತಿಯು ಕಾಗದ ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಹುಡಿಯಾಗುವ ಮೆತ್ತನೆಯ ಬೂದಿ ಬಿಡುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ ಇರುತ್ತದೆ. ಪಾಲಿಯೆಸ್ಟರ್ ಮಾತ್ರ ಮುದುಡಿ, ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಕೂಡಿಸಿ ನೇಯ್ದ ಟೆರಿಕಾಟಿನಲ್ಲಿ ಎರಡರ ಗುಣವೂ ಕಾಣುತ್ತದೆ, ಆದರೆ ಕರಗುವ ಗುಣ ಅದರಲ್ಲಿಯೂ ಇದ್ದೇ ಇರುತ್ತದೆ. ಒಲೆಯ ಹತ್ತಿರ ಬಳಸುವ ಯಾವುದನ್ನೂ ಕರಗುವ ಬಟ್ಟೆಯಿಂದ ಹೊಲಿಯಬಾರದು. ಬಿಸಿ ಹಂಚಿಗೆ ತಾಗಿದ ಹತ್ತಿ ಕಮರುತ್ತದೆ ಅಷ್ಟೇ. ಟೆರಿಕಾಟು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ತೊಳೆಯುವುದು, ಬಿಚ್ಚುವುದು, ಕತ್ತರಿಸುವುದು

ಕತ್ತರಿಸುವ ಮೊದಲು ಎಲ್ಲವನ್ನೂ ಒಮ್ಮೆ ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಬೇಕು. ಬಣ್ಣ ಬಿಡುವ ಬಟ್ಟೆಯನ್ನು ಆಗಲೇ ಬೇರ್ಪಡಿಸಬೇಕು: ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಬಟ್ಟೆಯ ಮೂಲೆಯನ್ನು ಗಟ್ಟಿಯಾಗಿ ಉಜ್ಜಿದಾಗ ಚಿಂದಿಗೆ ಬಣ್ಣ ಹತ್ತಿದರೆ, ಅದನ್ನು ಬಿಳಿ ಧೋತರದ ಪಕ್ಕದಲ್ಲಿ ಎಂದೂ ಕೂಡಿಸಬಾರದು. ಕೆಂಪು ಸೆರಗುಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಹೊಲಿಗೆ ಬಿಚ್ಚುವಾಗ ಪ್ರತಿಯೊಂದು ಟಾಕಿಯನ್ನೂ, ಅಂದರೆ ಸೂಜಿ ಒಮ್ಮೆ ಹಾಕಿದ ಹೊಲಿಗೆಯನ್ನೂ, ಕೀಳುವ ಅಗತ್ಯವಿಲ್ಲ. ಒಂದು ಬದಿಯಲ್ಲಿ ಮೂರು ನಾಲ್ಕು ಟಾಕಿಗಳಿಗೊಮ್ಮೆ ಬ್ಲೇಡಿನ ಮೂಲೆಯಿಂದ ದಾರ ಕತ್ತರಿಸುತ್ತ ಹೋಗಿ, ಬಟ್ಟೆ ತಿರುಗಿಸಿ ಆಚೆ ಬದಿಯ ದಾರವನ್ನು ಎಳೆದರೆ ಅದು ಇಡಿಯಾಗಿ ಬರುತ್ತದೆ. ಗುಂಡಿ, ಹುಕ್ಕು, ಜಿಪ್ಪು, ಪರಕರದ ಲಾಡಿ ಇವನ್ನೆಲ್ಲ ಒಂದು ಡಬ್ಬಿಗೆ ಹಾಕಿಡಬೇಕು. ಸೀರೆಯ ಕೆಳಗೆ ಹೊಲಿದಿರುವ ಫಾಲನ್ನು ಹೆಚ್ಚಿನವರು ಎಸೆಯುತ್ತಾರೆ. ಅದು ಅಳತೆಗೆ ಕತ್ತರಿಸಿಟ್ಟ ಉದ್ದನೆಯ ಪಟ್ಟಿಯೇ ಆದ್ದರಿಂದ ಚೀಲದ ಹಿಡಿಕೆಗೂ ಅಂಚುಪಟ್ಟಿಗೂ ಅದಕ್ಕಿಂತ ಸಿದ್ಧವಾದ ವಸ್ತು ಮನೆಯಲ್ಲಿ ಸಿಗುವುದಿಲ್ಲ.

ನೇಯ್ಗೆಯ ಹತ್ತಿ ಬಟ್ಟೆಗೆ ನೇರವಾದ ಗೆರೆ ಬೇಕಾದರೆ ಕತ್ತರಿಗಿಂತ ಹರಿಯುವುದೇ ಮೇಲು. ಅಂಚಿನಲ್ಲಿ ಅರ್ಧ ಇಂಚು ಕತ್ತರಿಸಿ ಎರಡೂ ಕೈಯಿಂದ ಎಳೆದರೆ ಬಟ್ಟೆ ಹಾಸಿನ (ಉದ್ದ) ಅಥವಾ ಹೊಕ್ಕಿನ (ಅಡ್ಡ) ಎಳೆಯ ಗುಂಟವೇ ಹರಿಯುತ್ತದೆ, ಆಗ ತುಂಡು ಚೌಕವಾಗಿಯೇ ಬರುತ್ತದೆ. ತೀರ ಜಾಳಾದ ಬಟ್ಟೆಗೂ ಬನಿಯನ್ನಿನಂಥ ಹೆಣೆದ ಬಟ್ಟೆಗೂ ಈ ವಿಧಾನ ಸಲ್ಲದು. ಅವಕ್ಕೆ ಕತ್ತರಿಯೇ ಬೇಕು. ಗುರುತು ಮಾಡಲು ಸವೆದು ತೆಳ್ಳಗಾದ ಸಾಬೂನಿನ ಚೂರು ಸಾಕು, ತೊಳೆದಾಗ ಹೋಗಿಬಿಡುತ್ತದೆ.

ಇಳಕಲ್ಲ ಸೀರೆಯನ್ನು ಕತ್ತರಿಸುವವರಿಗೆ ಒಂದು ಎಚ್ಚರಿಕೆ. ಆ ಸೀರೆಯ ಒಡಲು ಮತ್ತು ಸೆರಗುಗಳ ಹಾಸು ಬೇರೆಬೇರೆಯಾಗಿದ್ದು, ನೇಕಾರರು ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿಯ ಸಾಲಿಗೆ ಹತ್ತಿಕೊಂಡೇ ಕತ್ತರಿಸಿದರೆ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಸಾಲಿನಿಂದ ಎರಡು ಬೆರಳು ದೂರದಲ್ಲಿ ಮೊದಲು ಒಂದು ಗೆರೆ ಹೊಲಿಗೆ ಹಾಕಿ, ಅದರ ಹೊರಗೆ ಕತ್ತರಿಸಬೇಕು. ಸೆರಗಿನ ಮೇಲೆ ಕಸೂತಿ ಇದ್ದರಂತೂ ಅದನ್ನು ಚೂರು ಮಾಡುವುದಕ್ಕಿಂತ ಇಡಿಯಾಗಿ ಕೌದಿಯ ಮೇಲ್ಪದರದ ನಡುವೆ ಕೂಡಿಸುವುದೇ ಉಚಿತ.

ರೊಟ್ಟಿಬಟ್ಟೆ

ಎಲ್ಲಕ್ಕಿಂತ ಸುಲಭವಾದದ್ದು ಇದು, ಮೊದಲ ಬಾರಿ ಹೊಲಿಯುವವರು ಇದರಿಂದಲೇ ಶುರು ಮಾಡಬಹುದು. ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ಹಾಗೆಯೇ ಡಬ್ಬಿಗೆ ಹಾಕಿದರೆ ಹಬೆ ನೀರಾಗಿ ಕೆಳಗಿನ ರೊಟ್ಟಿ ತೋಯುತ್ತದೆ. ಹಳೆಯ ಧೋತರದಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಬಟ್ಟೆ ಹಬೆಯನ್ನು ಹೀರಿಕೊಂಡು ರೊಟ್ಟಿಯನ್ನು ಮೆತ್ತಗೆ ಇಡುತ್ತದೆ. ಇದಕ್ಕೆ ಹೊಸ ಬಟ್ಟೆ ಸರಿಹೋಗುವುದಿಲ್ಲ, ಏಕೆಂದರೆ ಅದರಲ್ಲಿ ಗಂಜಿ ಇರುತ್ತದೆ. ನೂರು ಸಲ ಒಗೆದ ಬಿಳಿ ಹತ್ತಿಯೇ ನೀರನ್ನು ಚೆನ್ನಾಗಿ ಹೀರುವುದು. ಬಣ್ಣದ ಅಥವಾ ಅಚ್ಚಿನ ಬಟ್ಟೆಯನ್ನು ತಿನ್ನುವ ಪದಾರ್ಥಕ್ಕೆ ತಾಗಿಸುವುದು ಬೇಡ.

ಧೋತರದ ಗಟ್ಟಿ ಭಾಗದಿಂದ 28 ಇಂಚಿನ ಎರಡು ಚೌಕಗಳನ್ನು ಹರಿದುಕೊಂಡು, ಒಂದರ ಮೇಲೊಂದು ಇಟ್ಟು, ಸುತ್ತಲೂ ಅರ್ಧ ಇಂಚು ಬಿಟ್ಟು ಹೊಲಿಯಬೇಕು. ಒಂದು ಬದಿಯಲ್ಲಿ ಗೇಣಿನಷ್ಟು ಜಾಗವನ್ನು ಹೊಲಿಯದೆ ಬಿಟ್ಟು, ಅಲ್ಲಿಂದ ಬಟ್ಟೆಯನ್ನು ಒಳಗು ಹೊರಗು ಮಾಡಿ, ಮೂಲೆಗಳನ್ನು ಚಮಚೆಯ ಹಿಡಿಯಿಂದ ತಳ್ಳಿ ಚೂಪು ಮಾಡಿ, ಬಾಯಿ ಮುಚ್ಚಿ, ಅಂಚಿನ ಮೇಲೆ ಇನ್ನೊಂದು ಸುತ್ತು ಹೊಲಿಗೆ ಹಾಕಿದರೆ ಮುಗಿಯಿತು. ಒಂದಡಿಯೊಳಗಿನ ರೊಟ್ಟಿಯ ಥಪ್ಪಿಯನ್ನು ನಾಲ್ಕೂ ಕಡೆಯಿಂದ ಮಡಚಿ ಮುಚ್ಚಲು ಈ ಅಳತೆ ಸಾಕು. ಉಳಿದ ಸಣ್ಣ ತುಂಡುಗಳನ್ನು ಒಂದೇ ಪದರದಲ್ಲಿ ಅಂಚು ಮಡಿದು ಹೊಲಿದಿಟ್ಟುಕೊಂಡರೆ ಮಡಕಿ ಕಾಳು, ಹೆಸರು ಕಾಳು ಮೊಳಕೆ ಕಟ್ಟುವುದಕ್ಕೂ ಮೊಸರು ಸೋಸುವುದಕ್ಕೂ ಬರುತ್ತವೆ.

ಮಸಿಅರಿವೆ

ಬಿಸಿ ಪಾತ್ರೆ ಇಳಿಸುವ ಅರಿವೆಯನ್ನು ಯಾರೂ ಹೊಲಿಯುವುದಿಲ್ಲ, ಕೈಗೆ ಸಿಕ್ಕ ಚಿಂದಿಯನ್ನೇ ಮಡಚಿ ಹಿಡಿಯುತ್ತಾರೆ, ಆ ಚಿಂದಿಯ ತುದಿ ಬೆಂಕಿಗೆ ಇಳಿಬೀಳುತ್ತದೆ. 8 ಇಂಚಿನ ಚೌಕದ ಜೋಡಿ ಹೊಲಿದಿಟ್ಟುಕೊಂಡರೆ ಆ ಅಪಾಯವಿಲ್ಲ. ಹೊರಗಿನ ಎರಡು ಪದರಕ್ಕೆ ಹತ್ತಿಯ ಜೀನ್ಸ್ ಪ್ಯಾಂಟಿನ ಮೀನಖಂಡದ ಭಾಗ, ಒಳಗೆ ಹಳೆಯ ಟವೆಲ್ಲಿನ ಎರಡು ಪದರ. ಮೂಲೆಯಿಂದ ಮೂಲೆಗೆ ಓರೆಯಾಗಿ, ಎರಡು ಬೆರಳಿಗೊಂದು ಸಾಲಿನಂತೆ ಹೊಲಿಗೆ ಹಾಕಿದರೆ ಪದರಗಳು ಸರಿಯುವುದಿಲ್ಲ. ಈಗಿನ ಅನೇಕ ಜೀನ್ಸುಗಳು ಹಿಗ್ಗುವ ನೂಲು ಸೇರಿಸಿ ನೇಯ್ದವು. ಎಳೆದಾಗ ರಬ್ಬರಿನಂತೆ ಹಿಂದಕ್ಕೆ ಹೋಗುವ ಬಟ್ಟೆಯನ್ನು ಇಲ್ಲಿ ಬಳಸಬಾರದು. ಒಂದು ಮೂಲೆಗೆ ಲಾಡಿಯ ಕುಣಿಕೆ ಹೊಲಿದು ಒಲೆಯಿಂದ ದೂರದ ಮೊಳೆಗೆ ತೂಗುಹಾಕಬೇಕು. ಎಷ್ಟೇ ದಪ್ಪವಾಗಿದ್ದರೂ ಒದ್ದೆ ಅರಿವೆಯಿಂದ ಬಿಸಿ ಪಾತ್ರೆ ಹಿಡಿಯಬಾರದು, ನೀರು ಕಾವನ್ನು ಕ್ಷಣದಲ್ಲಿ ಕೈಗೆ ದಾಟಿಸುತ್ತದೆ.

ಸಂತೆಚೀಲ ಮತ್ತು ಹಿಟ್ಟಿನ ಚೀಲ

ಇಲ್ಲಿ ಟೆರಿಕಾಟಿಗೆ ಅದರ ಮರ್ಯಾದೆ ಸಲ್ಲುತ್ತದೆ. ಮಕ್ಕಳು ಬೆಳೆದು ಬಿಟ್ಟ ಶಾಲೆಯ ಸಮವಸ್ತ್ರ, ಗಂಡಸರ ಪ್ಯಾಂಟು ಇವು ಹರಿಯದೆ ಬಣ್ಣಗೆಟ್ಟು ಮೂಲೆ ಸೇರಿರುತ್ತವೆ. ನೀರು ಹೀರುವುದಿಲ್ಲ, ಬೇಗ ಒಣಗುತ್ತವೆ, ಭಾರ ತಡೆಯುತ್ತವೆ. ಸಂತೆಚೀಲಕ್ಕೆ ಅಗಲ 17 ಇಂಚು, ಉದ್ದ 20 ಇಂಚಿನ ಎರಡು ತುಂಡು ಬೇಕು. ಪ್ಯಾಂಟಿನ ಒಂದು ಕಾಲನ್ನು ಒಳಹೊಲಿಗೆಯ ಗುಂಟ ಬಿಚ್ಚಿ ಹರವಿದರೆ ಒಂದು ತುಂಡು ಸಿಗುತ್ತದೆ. ತುಸು ಸಾಲದೆ ಬಂದರೆ ಬದಿಗೆ ಪಟ್ಟಿ ಜೋಡಿಸಬಹುದು.

ಬದಿಯ ಹೊಲಿಗೆಯನ್ನು ಎರಡು ಸಲ ಹಾಕುವುದು ಒಳ್ಳೆಯದು. ಮೊದಲು ಬಟ್ಟೆಗಳ ಒಳಮೈ ಒಂದಕ್ಕೊಂದು ತಾಗುವಂತೆ, ಅಂದರೆ ಅಂದದ ಬದಿ ಹೊರಗಿರುವಂತೆ ಇಟ್ಟು ಅಂಚಿನಿಂದ ಕಾಲು ಇಂಚಿಗೆ ಹೊಲಿದು, ಮಿಕ್ಕ ಎಳೆಗಳನ್ನು ಕತ್ತರಿಸಿ, ಚೀಲವನ್ನು ತಿರುಗಿಸಿ, ಈಗ ಒಳಗಿನಿಂದ ಅರ್ಧ ಇಂಚಿಗೆ ಇನ್ನೊಮ್ಮೆ ಹೊಲಿಯಬೇಕು. ಕತ್ತರಿಸಿದ ಅಂಚು ಎರಡು ಹೊಲಿಗೆಗಳ ನಡುವೆ ಅಡಗಿಹೋಗುವುದರಿಂದ ಎಳೆ ಬಿಚ್ಚುವುದಿಲ್ಲ. ಜೋಳ ಬೀಸಿಸಲು ಗಿರಣಿಗೆ ಒಯ್ಯುವ ಚೀಲಕ್ಕಂತೂ ಈ ಹೊಲಿಗೆ ಕಡ್ಡಾಯ. ಬಿಟ್ಟ ಎಳೆ ಹಿಟ್ಟಿಗೆ ಬೀಳುವುದೂ ಇಲ್ಲ, ಬಿಸಿ ಹಿಟ್ಟು ಸಂದಿಯಿಂದ ಸೋರುವುದೂ ಇಲ್ಲ. ಹಿಟ್ಟಿನ ಚೀಲಕ್ಕೆ ಒತ್ತಾದ ನೇಯ್ಗೆಯ ಬಟ್ಟೆಯನ್ನೇ ಆರಿಸಬೇಕು, ತಳವನ್ನು ಚಪ್ಪಟೆ ಮಾಡಬಾರದು, ಮೂಲೆಗಳಲ್ಲಿ ಹಿಟ್ಟು ಕೂತು ಹುಳ ಹಿಡಿಯುತ್ತದೆ.

ಸಂತೆಚೀಲಕ್ಕೆ ಮಾತ್ರ ಚಪ್ಪಟೆ ತಳ ಬೇಕು. ಒಳಮೈ ಹೊರಗಿರುವಾಗ ತಳದ ಮೂಲೆಯನ್ನು ಹಿಡಿದು, ಬದಿಯ ಹೊಲಿಗೆ ತಳದ ಹೊಲಿಗೆಯ ನೇರಕ್ಕೆ ಬರುವಂತೆ ಚಪ್ಪಟೆ ಒತ್ತಿದರೆ ಮುಕ್ಕೋನವಾಗುತ್ತದೆ. ಅದರ ತುದಿಯಿಂದ 2 ಇಂಚು ಕೆಳಗೆ ಅಡ್ಡ ಹೊಲಿಗೆ ಹಾಕಿದರೆ 4 ಇಂಚು ಅಗಲದ ತಳ ಸಿಗುತ್ತದೆ. ಹಿಡಿಕೆಗೆ 26 ಇಂಚಿನ ಫಾಲಿನ ಎರಡು ಪಟ್ಟಿ ತೆಗೆದುಕೊಂಡು, ಪ್ರತಿಯೊಂದನ್ನೂ ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಎರಡೂ ಅಂಚಿಗೆ ಹೊಲಿಯಬೇಕು. ಹಿಡಿಕೆಯ ತುದಿಯನ್ನು ಚೀಲದ ಬಾಯಿಯ ಅಂಚಿಗೆ ಮಾತ್ರ ಸಿಕ್ಕಿಸಿದರೆ ಐದು ಕಿಲೋ ಉಳ್ಳಾಗಡ್ಡಿ ಹಾಕಿದ ದಿನವೇ ಕಿತ್ತುಬರುತ್ತದೆ. ತುದಿಯನ್ನು ಬಾಯಿಯಿಂದ ಎರಡೂವರೆ ಇಂಚು ಕೆಳಗಿನವರೆಗೆ ಇಳಿಸಿ, ಚೌಕಾಕಾರವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ ಹಾಕಬೇಕು.

ಕೂರುವ ದಿಂಬಿನ ಗವಸಿಗೆ ಗುಂಡಿಯಂಗಿಯಷ್ಟು ಅನುಕೂಲವಾದದ್ದಿಲ್ಲ. ಕಂಕುಳಿನ ಕೆಳಗೆ, ಗುಂಡಿಪಟ್ಟಿ ನಡುವೆ ಬರುವಂತೆ ಎರಡೂ ಪದರ ಸೇರಿಸಿ 17 ಇಂಚಿನ ಚೌಕ ಕತ್ತರಿಸಿ, ಒಳಮೈ ಹೊರಗೆ ಮಾಡಿ ನಾಲ್ಕೂ ಬದಿ ಹೊಲಿದು, ಗುಂಡಿ ಬಿಚ್ಚಿ ತಿರುಗಿಸಿದರಾಯಿತು. ಹಳೆಯ ಟೀಶರ್ಟು, ಬನಿಯನ್ನುಗಳನ್ನು ಎರಡು ಇಂಚಿನ ಪಟ್ಟಿ ಮಾಡಿ, ಜಡೆ ಹೆಣೆದು, ಜಡೆಯನ್ನು ಸುರುಳಿ ಸುತ್ತುತ್ತ ಅಕ್ಕಪಕ್ಕದ ಸುತ್ತುಗಳನ್ನು ಹೊಲಿದರೆ ಕಾಲೊರಸು ಆಗುತ್ತದೆ. ಹೊಲಿಯುವಾಗ ನೆಲದ ಮೇಲಿಟ್ಟುಕೊಳ್ಳದಿದ್ದರೆ ಅದು ಬುಟ್ಟಿಯಂತೆ ಮೇಲಕ್ಕೇಳುತ್ತದೆ, ಅಷ್ಟೇ ಎಚ್ಚರ ಸಾಕು.

ಕೌದಿ

ಮೇಲಿನವುಗಳಿಗೆ ಗಟ್ಟಿ ಭಾಗಗಳನ್ನು ಆರಿಸಿಕೊಂಡ ಮೇಲೆ ಉಳಿಯುವುದೆಲ್ಲ ಕೌದಿಗೆ. ಒಬ್ಬರು ಹೊದೆಯುವ ಕೌದಿಗೆ ಅಗಲ 42 ಇಂಚು, ಉದ್ದ 78 ಇಂಚು, ಅಂದರೆ ಮೂರೂವರೆ ಅಡಿಗೆ ಆರೂವರೆ ಅಡಿ, ಹಿತವಾದ ಅಳತೆ. ತಳದ ಬಟ್ಟೆ ನಾಲ್ಕೂ ಕಡೆಗೆ 2 ಇಂಚು ದೊಡ್ಡದಿರಬೇಕು, ಆದ್ದರಿಂದ ಅದು 46 ಇಂಚಿಗೆ 82 ಇಂಚು ಆಗುತ್ತದೆ. ಐದೂವರೆ ಮೀಟರಿನ ಸಾಮಾನ್ಯ ಸೀರೆಯಿಂದ ಇಂಥ ಎರಡು ತುಂಡು ತೆಗೆದರೂ ಒಂದು ಮೀಟರಿಗಿಂತ ಹೆಚ್ಚು ಉಳಿಯುತ್ತದೆ. ಒಂದು ತುಂಡು ತಳಕ್ಕೆ, ಇನ್ನೊಂದು ನಡುವಿಗೆ. ತಳದ ಬಟ್ಟೆ ಮೈಗೆ ತಾಗುವಂಥದ್ದು, ಆದ್ದರಿಂದ ಇದ್ದವುಗಳಲ್ಲಿ ಅತ್ಯಂತ ಮೆತ್ತನೆಯ, ಆದರೆ ಹೆಬ್ಬೆರಳಿನ ಪರೀಕ್ಷೆಯಲ್ಲಿ ಗೆದ್ದ ಹತ್ತಿ ಸೀರೆಯನ್ನು ಅಲ್ಲಿಗೆ ಇಡಬೇಕು.

ಪದರಗಳ ಸಂಖ್ಯೆಯನ್ನು ಊರಿನ ಹವೆ ನೋಡಿ ನಿರ್ಧರಿಸುವುದು ಜಾಣತನ. ವಿಜಯಪುರದ ಬಿಸಿಲಿಗೆ ತಳ, ನಡು, ಮೇಲು ಎಂದು ಮೂರು ಪದರ ಸಾಕು, ಅದನ್ನು ಹೆಚ್ಚಾಗಿ ಹಾಸುವುದಕ್ಕೇ ಬಳಸುವುದಿರುತ್ತದೆ. ಬೆಳಗಾವಿಯ ಮಳೆಗಾಲಕ್ಕೂ ಚಳಿಗೂ ಐದು ಪದರ ಬೇಕೆನಿಸಬಹುದು. ಆರಕ್ಕಿಂತ ಹೆಚ್ಚಾದರೆ ಸೂಜಿ ದಾಟಿಸಲು ಕೈ ನೋಯುತ್ತದೆ, ಒಗೆದಾಗ ಎತ್ತಲಾಗುವುದಿಲ್ಲ, ಒಳಗೆ ಒಣಗದೆ ವಾಸನೆ ಹಿಡಿಯುತ್ತದೆ.

ನಡುಪದರಕ್ಕೆ ಹರಕು ಬಟ್ಟೆಗಳನ್ನು ಹೊಲಿದು ಜೋಡಿಸುವ ಅಗತ್ಯವಿಲ್ಲ. ಒಂದರ ಅಂಚು ಇನ್ನೊಂದರ ಮೇಲೆ ನಾಲ್ಕು ಬೆರಳು ಏರುವಂತೆ ಹಾಸಿದರೆ ಆಯಿತು. ಮಡಿದು ಹೊಲಿದ ಅಂಚು, ಅಂಗಿಯ ಪಟ್ಟಿ, ಜೇಬಿನ ಮೂಲೆ ಇಂಥ ದಪ್ಪ ಭಾಗಗಳನ್ನು ಕತ್ತರಿಸಿ ತೆಗೆಯಬೇಕು. ಒಂದು ಪದರದ ತೂತಿನ ಮೇಲೆ ಇನ್ನೊಂದರ ತೂತು ಬಾರದಂತೆ ನೋಡಿಕೊಳ್ಳಬೇಕು.

ನಡುವೆ ಹತ್ತಿಯ ಜೊತೆಗೆ ಜಾರುವ ಸೀರೆಯನ್ನು ಮಾತ್ರ ಬೆರೆಸಬಾರದು. ನನ್ನ ಮೊದಲ ಕೌದಿಯಲ್ಲಿ, ಕಾಣದ ಜಾಗವೆಂದು, ಒಂದು ಪಾಲಿಯೆಸ್ಟರ್ ಸೀರೆಯನ್ನು ಮಡಚಿ ಸೇರಿಸಿದ್ದೆ. ಹೊಲಿಯುವಾಗಲೇ ಅದು ಸರಿಯುತ್ತಿತ್ತು. ಎರಡು ಸಲ ಒಗೆದ ಮೇಲೆ ಕಾಲ ಕಡೆಗೆ ಉಂಡೆಗಟ್ಟಿ ಕೂತಿತು. ಆ ಕೌದಿಯ ತಳಕ್ಕೆ ಅಂಗಡಿಯಿಂದ ಹೊಸ ಬಟ್ಟೆ ತಂದು ಒಗೆಯದೆ ಹಾಕಿದ್ದೆ. ಹಳೆಯ ಸೀರೆಗಳೆಲ್ಲ ಎಂದೋ ಕುಗ್ಗಿ ಮುಗಿದಿದ್ದವು, ಹೊಸದು ಈಗ ಕುಗ್ಗಿತು, ಮೇಲ್ಪದರವೆಲ್ಲ ಹಪ್ಪಳದಂತೆ ಗುಳ್ಳೆ ಎದ್ದಿತು. ಹಳೆಯದರ ಜೊತೆಗೆ ಹೊಸದನ್ನು ಸೇರಿಸುವುದೇ ಆದರೆ ಅದನ್ನು ಬಿಸಿನೀರಿನಲ್ಲಿ ಎರಡು ಸಲವಾದರೂ ಒಗೆದಿರಬೇಕು.

ಮೇಲ್ಪದರದಲ್ಲಿ ಹೊಲಿಯುವವರ ಮನಸ್ಸು ಕಾಣುತ್ತದೆ, ಅದಕ್ಕೆ ನಾನು ನಿಯಮ ಹೇಳಲಾರೆ. ನಮ್ಮ ಕಡೆ ಗುಳೇದಗುಡ್ಡ ಖಣದ ಕುಪ್ಪಸಗಳು ಇಲ್ಲದ ಮನೆ ಕಡಿಮೆ. ಕುಪ್ಪಸದ ಕಂಕುಳು ಬೆವರಿಗೆ ಸತ್ತಿರುತ್ತದೆ, ಬೆನ್ನಿನ ತುಂಡು ಹೊಳೆಯುತ್ತಿರುತ್ತದೆ. ಆ ಬೆನ್ನಿನಿಂದ 6 ಇಂಚಿನ ಚೌಕಗಳನ್ನು ತೆಗೆದು, ಅಂಗಿಯ ಸಾದಾ ಚೌಕಗಳೊಡನೆ ಒಂದು ಬಿಟ್ಟು ಒಂದರಂತೆ ಕೂಡಿಸಿದರೆ ಕಣ್ಣಿಗೆ ತುಂಬಿ ಕಾಣುತ್ತದೆ. 6 ಇಂಚಿನ ಚೌಕಕ್ಕೆ ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋಗಿ 5 ಇಂಚು ಉಳಿಯುತ್ತದೆಂಬುದನ್ನು ಲೆಕ್ಕದಲ್ಲಿಡಬೇಕು: ಅಗಲಕ್ಕೆ 9, ಉದ್ದಕ್ಕೆ 16, ಒಟ್ಟು 144 ಚೌಕಗಳು ಬೇಕಾಗುತ್ತವೆ, ಹೆಚ್ಚಾದ ಎರಡು ಮೂರು ಇಂಚನ್ನು ಅಂಚಿನಲ್ಲಿ ಕತ್ತರಿಸಬೇಕಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಇಡೀ ಸೀರೆಯನ್ನೇ ಮೇಲೆ ಹಾಸಿ, ಹರಿದಲ್ಲಿ ಮಾತ್ರ ತೇಪೆ ಕೂಡಿಸಬಹುದು. ನಮ್ಮ ಹಳೆಯ ಕೌದಿಗಳು ಹೆಚ್ಚಿನವು ಹಾಗೆಯೇ ಇವೆ, ಅವು ಕಡಿಮೆ ಚೆಂದವೇನಲ್ಲ.

ಪದರ ಹಾಸಲು ಜಾಗ ಬೇಕು. ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಹಾಸಿಕೊಂಡು ನಾಲ್ಕು ಜನ ನಾಲ್ಕು ಮೂಲೆಗೆ ಕೂತು ಹೊಲಿಯುತ್ತಿದ್ದ ಕೆಲಸವಿದು. ಈಗಿನ ಮನೆಗಳಲ್ಲಿ ಅಂಥ ಪಡಸಾಲೆ ಇಲ್ಲ, ನಾನು ಬೆಳಗ್ಗೆ ಬಿಸಿಲೇರುವ ಮೊದಲು ಮಾಳಿಗೆಯ ಮೇಲೆ ಹಾಸಿಕೊಳ್ಳುತ್ತೇನೆ. ಮೊದಲು ತಳದ ಬಟ್ಟೆಯನ್ನು ಅಂದದ ಬದಿ ಕೆಳಗಾಗಿ ಹರವಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತ ಸುಕ್ಕು ತೆಗೆಯಬೇಕು. ಅದರ ಮೇಲೆ ನಡುಪದರಗಳು, ಕೊನೆಗೆ ಮೇಲ್ಪದರ, ಒಂದೊಂದನ್ನೂ ಹಾಗೆಯೇ ಸವರಿ. ಬಳಿಕ ನಡುವಿನಿಂದ ಶುರು ಮಾಡಿ ಹೊರಕ್ಕೆ, ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಬೇಕು. ಎರಡು ಮೂರು ಇಂಚಿನ ದೊಡ್ಡ ಟಾಕಿಗಳು ಸಾಕು, ದಾರ ಬೇರೆ ಬಣ್ಣದ್ದಿದ್ದರೆ ಕೊನೆಗೆ ಕೀಳಲು ಸುಲಭ. ಬೇಸರದ ಕೆಲಸ, ಆದರೆ ಇದನ್ನು ತಪ್ಪಿಸಿದ ಕೌದಿ ಸೊಟ್ಟಗಾಗದೆ ಇರುವುದಿಲ್ಲ. ಕಚ್ಚಾ ಹೊಲಿಗೆ ಮುಗಿದ ಮೇಲೆ ಕೌದಿಯನ್ನು ಎಲ್ಲಿ ಬೇಕಾದರೂ ಎತ್ತಿಕೊಂಡು ಹೋಗಿ ತೊಡೆಯ ಮೇಲೆ ಹಾಕಿಕೊಂಡು ಹೊಲಿಯಬಹುದು. ಹೆಚ್ಚುವರಿ ಬಿಟ್ಟ ತಳದ 2 ಇಂಚನ್ನು ಮೇಲಕ್ಕೆ ಎರಡು ಮಡಿಕೆ ಮಡಚಿ ಹೊಲಿದರೆ ಅದೇ ಅಂಚುಪಟ್ಟಿಯಾಗುತ್ತದೆ.

ಸೂಜಿ ಉದ್ದವಾಗಿರಬೇಕು, ಚೀಲ ಹೊಲಿಯುವ ದಬ್ಬಣವಲ್ಲ. ದಬ್ಬಣದ ತೂತಿನಿಂದ ಹಳೆಯ ಬಟ್ಟೆ ಅಲ್ಲಿಂದಲೇ ಹರಿಯಲು ತೊಡಗುತ್ತದೆ. ದಪ್ಪ ಹತ್ತಿ ದಾರದ ಒಂದು ಎಳೆ ಸಾಕು, ಅದನ್ನು ಎರಡು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಗಂಟು ಬೀಳುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಬೇಕು. ಬಲಗೈಯ ಸೂಜಿ ಮೇಲೆ, ಎಡಗೈ ಕೌದಿಯ ಕೆಳಗೆ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಗುಲಿದಾಗಲೇ ಎಲ್ಲ ಪದರ ದಾಟಿತೆಂದು ಗೊತ್ತಾಗುವುದು. ನಾಲ್ಕೈದು ಟಾಕಿಗಳನ್ನು ಸೂಜಿಯ ಮೇಲೆ ಏರಿಸಿಕೊಂಡು ಒಮ್ಮೆಲೆ ದಾರ ಎಳೆಯಬೇಕು. ಟಾಕಿ ಜೋಳದ ಕಾಳಿಗಿಂತ ತುಸು ಉದ್ದವಿರಲಿ, ಸಾಲಿನಿಂದ ಸಾಲಿಗೆ ಒಂದು ಬೆರಳಿನಗಲ. ಅನುಭವಿಗಳು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಹೊಸಬರು ಹಾಗೆ ಮಾಡಿದರೆ ಸಡಿಲವೆಲ್ಲ ನಡುವಿಗೆ ಬಂದು ಉಬ್ಬುತ್ತದೆ. ಅವರು ನಡುವಿನ ಒಂದು ಉದ್ದ ಸಾಲಿನಿಂದ ಶುರು ಮಾಡಿ ಎರಡೂ ಬದಿಗೆ ಸಮಾನಾಂತರ ಸಾಲು ಹಾಕುತ್ತ ಹೋಗುವುದು ಕ್ಷೇಮ. ದಾರವನ್ನು ಬಿಗಿಯಾಗಿ ಎಳೆಯುವುದು ಬೇಡ. ಕೌದಿಯ ಮೇಲೆ ಕಾಣುವ ಸಣ್ಣ ಅಲೆಗಳು ಮೊದಲ ಒಗೆತದಲ್ಲಿ ತಾವಾಗಿಯೇ ಬರುತ್ತವೆ.

ಎಷ್ಟು ದಾರ, ಎಷ್ಟು ಸಮಯ ಎಂದು ಕೇಳುವವರಿಗೆ ಲೆಕ್ಕ ಹೀಗಿದೆ. ಮುಕ್ಕಾಲು ಇಂಚಿಗೊಂದು ಸಾಲೆಂದರೆ 42 ಇಂಚಿಗೆ 56 ಸಾಲು. ಪ್ರತಿ ಸಾಲೂ ಆರೂವರೆ ಅಡಿ, ಒಟ್ಟು 364 ಅಡಿ, ಅಂದರೆ ಸುಮಾರು 111 ಮೀಟರು. ದಾರ ಪದರಗಳನ್ನು ಹತ್ತಿ ಇಳಿಯುವುದರಿಂದಲೂ ಗಂಟುಗಳಿಗೂ ಸೇರಿಸಿ 130 ಮೀಟರು ತೆಗೆದಿಟ್ಟುಕೊಳ್ಳಬೇಕು. ನನಗೆ ಒಂದು ಸಾಲಿಗೆ ಅರ್ಧ ತಾಸು ಹಿಡಿಯುತ್ತದೆ, ಹೀಗೆ 28 ತಾಸು. ದಿನಕ್ಕೆ ಒಂದು ತಾಸು ಕೂತರೆ ತಿಂಗಳೊಳಗೆ ಮುಗಿಯುತ್ತದೆ. ಓಣಿಗೆ ಬಂದು ಹೊಲಿದುಕೊಡುವವರು ಕೇಳುವ ಕೂಲಿಗೆ ಚೌಕಾಸಿ ಮಾಡುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಒಗೆದ ಕೌದಿಯನ್ನು ಹಗ್ಗದ ಮೇಲೆ ಹಾಕಬಾರದು, ನೀರಿನ ಭಾರಕ್ಕೆ ಹಗ್ಗದ ಗುಂಟ ಟಾಕಿಗಳು ಕಡಿಯುತ್ತವೆ. ಮಾಳಿಗೆಯ ಮೋಟುಗೋಡೆಯ ಮೇಲೆ ಹರವಿ, ಮಧ್ಯಾಹ್ನಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಎಲ್ಲಾದರೂ ಟಾಕಿ ಬಿಟ್ಟರೆ ಆ ವಾರವೇ ಹೊಲಿಯಬೇಕು, ಅಲ್ಲಿಂದ ನಡುಪದರ ಸರಿಯತೊಡಗುತ್ತದೆ. ಮೇಲ್ಪದರ ಪೂರ್ತಿ ಹೋದ ಕೌದಿಯನ್ನು ಬಿಚ್ಚುವ ಶ್ರಮ ಬೇಡ: ಅದರ ದಪ್ಪ ಅಂಚುಪಟ್ಟಿಯನ್ನು ಮಾತ್ರ ಕತ್ತರಿಸಿ ತೆಗೆದು, ಬಿಸಿನೀರಿನಲ್ಲಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಕೆಳಗೊಂದು ಮೇಲೊಂದು ಸೀರೆಯ ನಡುವೆ ಇಟ್ಟು ಹೊಸದಾಗಿ ಹೊಲಿಯಬಹುದು. ಆಗ ಸಾಲಿನ ಅಂತರವನ್ನು ಎರಡು ಬೆರಳಿಗೆ ಹಿಗ್ಗಿಸಿದರೂ ನಡೆಯುತ್ತದೆ, ಒಳಗಿನದು ಮೊದಲೇ ಹೊಲಿಗೆ ಕಂಡಿರುತ್ತದೆ.